ರೋಡ್ ಹಾಕಿದವರ ಯುದ್ಧ

ಎರಡನೇ ಮಹಾಯುದ್ಧದ ಪಾಠ ಮಾಡುತ್ತಿದ್ದೆ. ಪಠ್ಯದಲ್ಲಿದ್ದದ್ದು ಹಿಟ್ಲರ್, ಮುಸೊಲಿನಿ, ಚರ್ಚಿಲ್. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮಪ್ಪನ ತಾತ ಇಟಲಿಗೆ ಹೋಗಿದ್ರಂತೆ" ಅಂದ. ತರಗತಿಯೆಲ್ಲ ಅವನ ಕಡೆ ತಿರುಗಿತು. ಆ ಗಮನ ಅವನಿಗೆ ಭಾರವಾಯಿತೋ ಏನೋ, ತಕ್ಷಣ ದನಿ ತಗ್ಗಿಸಿ, "ಆದ್ರೆ ಯುದ್ಧ ಏನ್ ಮಾಡ್ಲಿಲ್ಲ ಸರ್, ಅಲ್ಲಿ ರೋಡ್ ಹಾಕ್ತಿದ್ರಂತೆ ಅಷ್ಟೆ" ಅಂತ ಹೇಳಿ ಕೂತುಬಿಟ್ಟ.

ಹುಡುಗನ ಮನೆತನ ಹಲಸೂರಿನದು. ಬಾಡಿಗೆ ಏರುತ್ತಾ ಹೋದಂತೆ ಈಗ ಕೆ.ಆರ್. ಪುರಂ ಕಡೆಗೆ ಸರಿದಿದ್ದಾರೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ. ಅವನು ಹೇಳಿದ 'ಅಷ್ಟೆ' ಎಂಬ ಮಾತು ನನ್ನನ್ನು ಬಿಡಲಿಲ್ಲ. ಬಂದೂಕು ಹಿಡಿದವನು ಯುದ್ಧ ಮಾಡಿದ, ಪಿಕಾಸಿ ಹಿಡಿದವನು ಕೂಲಿ ಮಾಡಿದ ಎಂಬ ತೀರ್ಮಾನವನ್ನು ಈ ಹುಡುಗನಿಗೆ ಕಲಿಸಿದವರು ಯಾರು? ನಾವೇ ಅಲ್ಲವೇ, ಚರಿತ್ರೆ ಪಾಠ ಮಾಡುವವರು? ಈ ಬರಹ ಆ 'ಅಷ್ಟೆ'ಗೆ ಕೊಡಲು ಹೊರಟ ಉತ್ತರ. ತರಗತಿಯಲ್ಲಿ ಆವತ್ತು ನನಗೆ ಹೊಳೆದಿರಲಿಲ್ಲ.

1

ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ. ಬ್ರಿಟಿಷ್ ಸೈನ್ಯದ ಜೊತೆ ತಮಿಳು ಜಿಲ್ಲೆಗಳಿಂದ ಬಂದವರು ಸಾವಿರಾರು ಜನ. ಅಡಿಗೆಯವರು, ಕುದುರೆ ಮೇಯಿಸುವವರು, ಹುಲ್ಲು ಕೊಯ್ಯುವವರು, ಕಕ್ಕಸು ತೊಳೆಯುವವರು, ಕಲ್ಲು ಹೊರುವವರು. ಊರಲ್ಲಿ ಕೇರಿಯಾಚೆ ಇದ್ದವರು ಇಲ್ಲಿ ಬಂಗಲೆಗಳ ಹಿಂದಿನ ಸಾಲುಮನೆಗಳಲ್ಲಿ ನೆಲೆನಿಂತರು. ದೊಡ್ಡ ಬೀದಿಗಳಿಗೆ ಸೈನ್ಯದ ಹೆಸರೇ ಬಿತ್ತು: ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ. 1947ರ ಜುಲೈಯಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳುವವರೆಗೂ ಇದು ಸಿವಿಲ್ ಅಂಡ್ ಮಿಲಿಟರಿ ಸ್ಟೇಶನ್. ಆಮೇಲೂ ಕನ್ನಡದ ಚರಿತ್ರೆಕಾರರಿಗೆ ಇದು ತಮ್ಮ ಊರು ಅನ್ನಿಸಲಿಲ್ಲ. ದಂಡಿನ ತಮಿಳು ದಲಿತ ಕನ್ನಡ ಚರಿತ್ರೆಗೆ ಹೊರಗಿನವನು, ತಮಿಳು ಚರಿತ್ರೆಗೆ ಊರು ಬಿಟ್ಟು ಹೋದವನು. 1991ರ ಡಿಸೆಂಬರ್‌ನಲ್ಲಿ ಕಾವೇರಿಯ ಹೆಸರಲ್ಲಿ ಬೆಂಗಳೂರಿನಲ್ಲಿ ಗಲಭೆಯೆದ್ದಾಗ ಹೆಚ್ಚು ಪೆಟ್ಟು ತಿಂದವರು ಬಡ ತಮಿಳು ಕೂಲಿಕಾರರು ಎಂಬುದನ್ನು ಮರೆಯಬಾರದು.

ಹಲಸೂರು ಕೆರೆಯ ದಂಡೆಯ ಮೇಲೆ ನಡೆದು ಹೋಗುವವರಿಗೆ ಸೈನ್ಯದ ಬೇಲಿ, ಕಾವಲುಗಾರ, ಫಲಕ ಕಾಣುತ್ತವೆ. ಅದೇ ಮದ್ರಾಸ್ ಇಂಜಿನಿಯರ್ ಗ್ರೂಪ್, ಹಳೆಯ ಹೆಸರು ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಅದರ ಮೂಲ 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಎರಡು ಪಯೋನಿಯರ್ ತುಕಡಿಗಳು. ಸ್ಯಾಪರ್ ಅಂದರೆ ಯಾರು? ಸೈನ್ಯ ಮುಂದೆ ಹೋಗಲು ದಾರಿ ಕಡಿಯುವವನು, ಹೊಳೆಗೆ ಸೇತುವೆ ಹಾಕುವವನು, ಬಂಡೆ ಸಿಡಿಸುವವನು, ಶತ್ರು ಹೂತಿಟ್ಟ ನೆಲಬಾಂಬನ್ನು ಕೈಯಲ್ಲಿ ತಡಕಿ ತೆಗೆಯುವವನು. ಉಳಿದ ಸೈನ್ಯ ಅವನನ್ನು ಕರೆಯುವುದು 'ತಂಬಿ' ಎಂದು. ಪ್ರೀತಿಯ ಮಾತು, ನಿಜ. ಆದರೆ ತಮ್ಮ ಅಂದಮೇಲೆ ಅಣ್ಣ ಬೇರೆ ಯಾರೋ ಇದ್ದಾನೆ.

ಈ ದಳಕ್ಕೆ ಸೇರಿದವರಲ್ಲಿ ತಮಿಳರು, ತೆಲುಗರು, ಮುಸ್ಲಿಮರು, ಕ್ರೈಸ್ತರು, ಜೊತೆಗೆ ಪರಯರು ಅಥವಾ ಆದಿದ್ರಾವಿಡರು. ಮದ್ರಾಸ್ ಸೈನ್ಯದಲ್ಲಿ ಮೊದಲಿನಿಂದಲೂ ಪರಯರು ದೊಡ್ಡ ಸಂಖ್ಯೆಯಲ್ಲಿದ್ದರು. 1885ರಿಂದ 1893ರವರೆಗೆ ಭಾರತದ ಸೇನಾ ಮುಖ್ಯಸ್ಥನಾಗಿದ್ದ ರಾಬರ್ಟ್ಸ್ ದೊರೆಯ ಕಾಲದಲ್ಲಿ 'ವೀರ ಜನಾಂಗ' ಎಂಬ ಸಿದ್ಧಾಂತ ಗಟ್ಟಿಯಾಯಿತು. ಪಂಜಾಬಿನ ಎತ್ತರದ ಆಳು ವೀರ, ದಕ್ಷಿಣದ ಕರಿಯ ಆಳು ಹೇಡಿ ಎಂಬ ತೀರ್ಪು ಬಂತು. ಮದ್ರಾಸಿನ ಕಾಲಾಳು ಪಡೆಗಳು ಒಂದೊಂದೇ ಕರಗಿದವು. ಕರಗದೆ ಉಳಿದದ್ದು ಸ್ಯಾಪರ್ ದಳ. ಕಾರಣ ಸರಳವಾಗಿದೆ: ವೀರರು ನಡೆಯುವುದಕ್ಕೂ ದಾರಿ ಬೇಕಲ್ಲ! ಮನು ಹೇಳಿದ್ದನ್ನೇ ಬ್ರಿಟಿಷ್ ಜನರಲ್ ಇಂಗ್ಲಿಷಿನಲ್ಲಿ ಹೇಳಿದ. ಕಾದಾಡುವ ಹಕ್ಕು ಒಬ್ಬರದು, ಅಗೆಯುವ ಹೊರೆ ಇನ್ನೊಬ್ಬರದು.

2

ಈಗ ಆ ಹುಡುಗನ ಮುತ್ತಜ್ಜ ಹೋದ ಬೆಟ್ಟಗಳ ಕಡೆ ಹೋಗೋಣ.

ಅದಕ್ಕೂ ಮೊದಲು ಆಫ್ರಿಕಾದ ಕೆರೆನ್. ಎರಿಟ್ರಿಯಾದ ಈ ಊರನ್ನು ಇಟಲಿಯ ಸೈನ್ಯ ಹಿಡಿದು ಕೂತಿತ್ತು. ಸುತ್ತ ಬೋಳು ಕಲ್ಲುಬೆಟ್ಟಗಳು, ನಡುವೆ ಡೊಂಗೊಲಾಸ್ ಎಂಬ ಕಣಿವೆಯಲ್ಲಿ ಒಂದೇ ರಸ್ತೆ. ಆ ರಸ್ತೆಯನ್ನು ಬಂಡೆ ಸಿಡಿಸಿ ಮುಚ್ಚಿದ್ದರು. 1941ರ ಫೆಬ್ರವರಿಯಿಂದ ಮಾರ್ಚ್ 27ರವರೆಗೆ 4ನೇ ಮತ್ತು 5ನೇ ಇಂಡಿಯನ್ ಡಿವಿಜನ್‌ಗಳು ಅಲ್ಲಿ ಹೋರಾಡಿದವು. ಶಿಖರಗಳಿಗಾಗಿ ನಡೆದ ಕಾದಾಟ ಪುಸ್ತಕಗಳಲ್ಲಿ ವಿವರವಾಗಿದೆ. ಆದರೆ ಕೊನೆಗೆ ಕೆರೆನ್ ಬಿದ್ದದ್ದು ಕಣಿವೆಯಲ್ಲಿ ಕೆಡವಿದ್ದ ಬಂಡೆಗಳನ್ನು ಸ್ಯಾಪರ್‌ಗಳು ಸರಿಸಿ, ಟ್ಯಾಂಕುಗಳಿಗೆ ದಾರಿ ತೆರೆದ ಮೇಲೆ.

ಆಫ್ರಿಕಾದ ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರನ್ನು ಬೆಂಗಳೂರಿಗೆ ತಂದು ಶಿಬಿರಗಳಲ್ಲಿಟ್ಟರು. ಜಾಲಹಳ್ಳಿ ಕಡೆಯ ಹಳಬರು ಈಗಲೂ ಅವರ ಸುದ್ದಿ ಹೇಳುತ್ತಾರೆ. ಇಟಲಿಯವರು ಕೈದಿಗಳಾಗಿ ಬೆಂಗಳೂರಿಗೆ ಬಂದ ಆ ವರ್ಷಗಳಲ್ಲೇ ಹಲಸೂರಿನ ಆಳುಗಳು ಇಟಲಿಗೆ ಹೊರಡುವ ದಾರಿಯಲ್ಲಿದ್ದರು. ಎರಡೂ ಕಡೆಯ ಬಡವರ ಮಕ್ಕಳು ಹೀಗೆ ಒಬ್ಬರ ಊರನ್ನು ಇನ್ನೊಬ್ಬರು ನೋಡಿದರು.

ಇಟಲಿಯ ನಡುವೆ ಬೆನ್ನುಮೂಳೆಯ ಹಾಗೆ ಅಪೆನ್ನೈನ್ ಪರ್ವತಸಾಲು ಹಾದುಹೋಗಿದೆ. 1943ರ ಸೆಪ್ಟೆಂಬರ್‌ನಲ್ಲಿ ಮಿತ್ರಸೈನ್ಯಗಳು ದಕ್ಷಿಣದಲ್ಲಿ ಇಳಿದು ರೋಮಿನ ಕಡೆ ಹೊರಟಾಗ ಜರ್ಮನರು ಈ ಬೆಟ್ಟಗಳಿಗೆ ಅಡ್ಡಲಾಗಿ ಗುಸ್ತಾವ್ ಲೈನ್ ಎಂಬ ರಕ್ಷಣಾಸಾಲು ಕಟ್ಟಿ ಕೂತರು. ಅದರ ಬಾಗಿಲು ಕಸಿನೋ ಪಟ್ಟಣ. ಅದರ ಮೇಲೆ ಬೆಟ್ಟದ ನೆತ್ತಿಯಲ್ಲಿ 529ರಲ್ಲಿ ಸಂತ ಬೆನೆಡಿಕ್ಟ್ ಸ್ಥಾಪಿಸಿದ ಮಠ. 1944ರ ಜನವರಿಯಿಂದ ಮೇ 18ರವರೆಗೆ ಅಲ್ಲಿ ನಾಲ್ಕು ಸಲ ಯುದ್ಧ ನಡೆಯಿತು. ಎರಡನೆಯ ಮತ್ತು ಮೂರನೆಯ ಸಲ ಬೆಟ್ಟದ ಮೇಲೆ ಹೋದದ್ದು 4ನೇ ಇಂಡಿಯನ್ ಡಿವಿಜನ್. ಅದರೊಡನೆ ಮದ್ರಾಸ್ ಸ್ಯಾಪರ್‌ಗಳ 12ನೇ ಫೀಲ್ಡ್ ಕಂಪನಿ, 11ನೇ ಫೀಲ್ಡ್ ಪಾರ್ಕ್ ಕಂಪನಿ. ಇಬ್ಬರ ಮನೆಯೂ ಹಲಸೂರು ಕೆರೆಯ ದಂಡೆ.

ಫೆಬ್ರವರಿ 15ರಂದು ವಿಮಾನಗಳು ಬಾಂಬು ಸುರಿದು ಮಠವನ್ನು ಪುಡಿಮಾಡಿದವು. ಲೋಕಕ್ಕೆಲ್ಲ ಗೊತ್ತಿರುವುದು ಈ ದೃಶ್ಯ. ನೆಲದ ಮೇಲಿನ ಸ್ಥಿತಿ ಬೇರೆ. ಬೆಟ್ಟದ ನೆಲ ಎಷ್ಟು ಗಟ್ಟಿಯೆಂದರೆ ಕಂದಕ ತೋಡಲಾಗದೆ ಆಳುಗಳು ಕಲ್ಲು ಪೇರಿಸಿ ಅದರ ಮರೆಯಲ್ಲಿ ಮಲಗುತ್ತಿದ್ದರು. ಚಳಿ, ಮಳೆ, ಹಿಮ. ಅನ್ನ, ನೀರು, ಗುಂಡು ಎಲ್ಲವೂ ರಾತ್ರಿ ಹೇಸರಗತ್ತೆಗಳ ಮೇಲೆ, ಮನುಷ್ಯರ ಬೆನ್ನ ಮೇಲೆ ಹೋಗಬೇಕು. ಗಾಯಗೊಂಡವರು ಅದೇ ದಾರಿಯಲ್ಲಿ ಕೆಳಗೆ ಬರಬೇಕು. ಇಂಥಲ್ಲಿ ದಾರಿಯೇ ಜೀವ.

ಆ ದಾರಿಗಳಲ್ಲಿ ಒಂದಕ್ಕೆ ಕ್ಯಾವೆಂಡಿಶ್ ರೋಡ್ ಎಂದು ಹೆಸರು. ಕೈರೊ ಎಂಬ ಹಳ್ಳಿಯಿಂದ ಮಠದ ಹಿಂಬದಿಯ ಬೆಟ್ಟಕ್ಕೆ ಇದ್ದದ್ದು ಒಂದು ಕತ್ತೆದಾರಿ. ಅದನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಬೇಕು, ಅದೂ ಜರ್ಮನರ ಫಿರಂಗಿಯ ಕಣ್ಣಳತೆಯಲ್ಲಿ. 4ನೇ ಇಂಡಿಯನ್ ಡಿವಿಜನ್ನಿನ ಸ್ಯಾಪರ್‌ಗಳು ನ್ಯೂಜಿಲೆಂಡಿನ ಇಂಜಿನಿಯರುಗಳ ಜೊತೆ ಸೇರಿ, ಮರೆಬಲೆ ಕಟ್ಟಿಕೊಂಡು, ಬಂಡೆ ಸಿಡಿಸಿ ಆ ಕೆಲಸ ಮುಗಿಸಿದರು. ದಾರಿ ಮುಗಿಯುವ ತಟ್ಟಿನ ಹೆಸರು ಯುದ್ಧದ ನಕ್ಷೆಗಳಲ್ಲಿ ಹೀಗಿದೆ: ಮದ್ರಾಸ್ ಸರ್ಕಸ್! ಮಾರ್ಚ್ 19ರಂದು ಟ್ಯಾಂಕುಗಳು ಆ ದಾರಿ ಹತ್ತಿ ಹೋದಾಗ ಜರ್ಮನರು ಬೆರಗಾದರು. ಆದರೆ ಅವುಗಳ ಜೊತೆ ಕಾಲಾಳು ಪಡೆಯನ್ನು ಕಳಿಸದೆ ಮೇಲಿನವರು ಆ ದಾಳಿಯನ್ನು ಕೆಡಿಸಿದರು. ದಾರಿ ಸೋಲಲಿಲ್ಲ, ಯೋಜನೆ ಸೋತಿತು. ಮೇ ತಿಂಗಳಲ್ಲಿ ಪೋಲೆಂಡಿನ ಸೈನ್ಯ ಮಠವನ್ನು ಗೆದ್ದುಕೊಂಡಾಗ ಅದೇ ದಾರಿ ಅವರಿಗೂ ಬಳಕೆಯಾಯಿತು. ಶಿಖರದ ಮೇಲೆ ಬಾವುಟ ಹಾರಿಸಿದವರ ಹೆಸರು ಉಳಿಯಿತು. ಆಗಲಿ, ಅವರೂ ಸತ್ತು ಗೆದ್ದವರು. ಆದರೆ ಆ ಶಿಖರಕ್ಕೆ ಹೋಗುವ ದಾರಿಯಲ್ಲಿ ಹಲಸೂರಿನವರ ಬೆವರೂ ಇದೆ ಎಂಬುದು ನಮ್ಮ ಯಾವ ಪಠ್ಯದಲ್ಲೂ ಇಲ್ಲ.

3

ಕಸಿನೋಗೆ ಹೋಗುವ ಹೆದ್ದಾರಿಯಲ್ಲಿ ಮಿಂಯಾನೋ ಎಂಬ ಊರಿದೆ. ಅಲ್ಲಿ 1944ರ ಫೆಬ್ರವರಿ 24ರಂದು 11ನೇ ಫೀಲ್ಡ್ ಪಾರ್ಕ್ ಕಂಪನಿಯ ತಂಡವೊಂದು ನೆಲಬಾಂಬು ತೆಗೆಯುತ್ತಿತ್ತು. ಮುಂದೆ ನಿಂತಿದ್ದವರು ಸುಬೇದಾರ್ ಸುಬ್ರಮಣಿಯನ್, ಚೆಂಗಲ್‌ಪಟ್ಟು ಜಿಲ್ಲೆಯ ಕೀಳೊಟ್ಟಿವಾಕ್ಕಂ ಊರಿನವರು. ಒಂದು ಬಾಂಬಿನ ಕೀಲು ಕಾಲಿಗೆ ಸಿಕ್ಕು ಚಾಲೂ ಆಯಿತು. ಇಂಥ ಬಾಂಬುಗಳು ಕೀಲು ಸಿಕ್ಕ ಮೇಲೆ ಸಿಡಿಯಲು ಕೆಲವೇ ಸೆಕೆಂಡು ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ನೆಲಕ್ಕೆ ಬಿದ್ದು ತನ್ನನ್ನು ಉಳಿಸಿಕೊಳ್ಳಬಹುದು. ಸುಬ್ರಮಣಿಯನ್ ಬಾಂಬಿನ ಮೇಲೆಯೇ ಬಿದ್ದರು. ಜೊತೆಯಲ್ಲಿದ್ದವರು ಉಳಿದರು, ಅವರು ಸತ್ತರು. ಆ ವರ್ಷದ ಜೂನ್ 30ರಂದು ಅವರಿಗೆ ಜಾರ್ಜ್ ಕ್ರಾಸ್ ಘೋಷಣೆಯಾಯಿತು. ಆ ಪದಕವನ್ನು ನೇರವಾಗಿ ಪಡೆದ ಮೊದಲ ಭಾರತೀಯ ಅವರು. ಇಟಲಿಯ ಸಾಂಗ್ರೊ ನದಿಯ ಬಳಿ, ದಹನಗೊಂಡ ಭಾರತೀಯ ಸೈನಿಕರ ಸ್ಮಾರಕದಲ್ಲಿ 500ಕ್ಕೂ ಹೆಚ್ಚು ಹೆಸರುಗಳ ನಡುವೆ ಅವರ ಹೆಸರೂ ಇದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬ್ರಿಟಿಷರಲ್ಲಿ ಶೌರ್ಯಕ್ಕೆ ಎರಡು ದೊಡ್ಡ ಪದಕಗಳು. ವಿಕ್ಟೋರಿಯಾ ಕ್ರಾಸ್ ಶತ್ರುವಿನ ಎದುರಲ್ಲಿ ತೋರಿದ ಶೌರ್ಯಕ್ಕೆ. ಜಾರ್ಜ್ ಕ್ರಾಸ್ ಶತ್ರು ಎದುರಿಲ್ಲದಾಗ ತೋರಿದ ಶೌರ್ಯಕ್ಕೆ. ಇಟಲಿಯಲ್ಲಿ 20 ವಿಕ್ಟೋರಿಯಾ ಕ್ರಾಸ್‌ಗಳಲ್ಲಿ 6 ಭಾರತೀಯ ಸೈನ್ಯಕ್ಕೆ ಬಂದವು. ಆ ಆರರಲ್ಲಿ ಇಬ್ಬರು, 1944ರ ಜುಲೈಯಲ್ಲಿ ಸತ್ತ ಯಶವಂತ ಘಾಡ್ಗೆ ಮತ್ತು 1945ರ ಏಪ್ರಿಲ್‌ನಲ್ಲಿ ಹೋರಾಡಿದ ನಾಮದೇವ ಜಾಧವ, ನಮ್ಮ ಬೆಳಗಾವಿಯಲ್ಲಿ ನೆಲೆಯಿದ್ದ ಮರಾಠಾ ಪಡೆಯವರು. ಅವರ ಶೌರ್ಯಕ್ಕೆ ಕೈ ಮುಗಿಯೋಣ. ಆದರೆ ನೆಲಬಾಂಬನ್ನು ಹೂತಿಟ್ಟವನು ಶತ್ರುವೇ ತಾನೆ? ಅವನು ನೆಲದೊಳಗೆ ಅಡಗಿ ಕೂತು ಕಾಲಿಗಾಗಿ ಕಾದಿದ್ದರೆ ಅದು ಎದುರಲ್ಲ ಹೇಗೆ? ಎರಡೂ ಪದಕಗಳಿಗೆ ಸಮಾನ ಗೌರವ ಎಂದು ನಿಯಮ ಹೇಳುತ್ತದೆ. ಆದರೂ 'ಕಾದಾಡಿದವನು', 'ಕೆಲಸ ಮಾಡುತ್ತಿದ್ದವನು' ಎಂಬ ಗೆರೆ ಅಲ್ಲಿದೆ. ನನ್ನ ವಿದ್ಯಾರ್ಥಿಯ ಬಾಯಿಂದ ಬಂದ 'ಅಷ್ಟೆ' ಎಂಬ ಮಾತು ಆ ಗೆರೆಯಿಂದಲೇ ಬಂದದ್ದು.

ಸುಬ್ರಮಣಿಯನ್ ಯಾವ ಜಾತಿ ಎಂದು ಕೇಳುವುದು ಈ ಬರಹದ ಉದ್ದೇಶವಲ್ಲ. ನಾನು ಹೇಳುತ್ತಿರುವುದು ಕೆಲಸದ ಜಾತಿಯ ಬಗ್ಗೆ. ನಮ್ಮಲ್ಲಿ ಮನುಷ್ಯರಿಗೆ ಮಾತ್ರ ಜಾತಿ ಇಲ್ಲ, ಗುದ್ದಲಿಗೂ ಇದೆ, ಲೇಖನಿಗೂ ಇದೆ, ಕತ್ತಿಗೂ ಇದೆ. ಗುದ್ದಲಿ ಹಿಡಿದವನು ಯಾರೇ ಆಗಲಿ, ಆ ಕ್ಷಣಕ್ಕೆ ಅವನು ಕೆಳಗಿನವನು. ಮಣ್ಣು, ಕಲ್ಲು, ಸಿಡಿಮದ್ದು, ಹೆಣ ಇವನ್ನು ಮುಟ್ಟುವ ಕೆಲಸಗಳನ್ನು ಶತಮಾನಗಳಿಂದ ಯಾರ ಕೈಗೆ ಹಚ್ಚಿದ್ದರೋ, ಸೈನ್ಯ ಅವರನ್ನೇ ಹುಡುಕಿಕೊಂಡು ಬಂತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ದಲಿತರು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿಸುತ್ತಿದ್ದರು. ಅಂಥವೇ ಊರುಗಳಿಂದ ಬಂದವರು ಸ್ಯಾಪರ್ ಸಮವಸ್ತ್ರ ತೊಟ್ಟು ಇಟಲಿಯಲ್ಲಿ ಬಂಡೆ ಸಿಡಿಸಿದರು. ಒಂದು ಕಡೆ ಚಿನ್ನ ಹೋಯಿತು ಲಂಡನ್ನಿಗೆ, ಇನ್ನೊಂದು ಕಡೆ ಗೆಲುವು ಹೋಯಿತು ಲಂಡನ್ನಿಗೆ.

ಬೆಂಗಳೂರಿನ ಹೆಸರೇ ಹೊತ್ತ ಒಂದು ಆಯುಧವಿದೆ. ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿ ಮಾಡುವ ಸ್ಫೋಟಕದ ಕೊಳವೆ, ಬ್ಯಾಂಗಲೋರ್ ಟಾರ್ಪಿಡೊ. 1912ರಲ್ಲಿ ಇಲ್ಲಿಯ ಮದ್ರಾಸ್ ಸ್ಯಾಪರ್ ದಳದ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ಅದನ್ನು ಕಂಡುಹಿಡಿದ. ಎರಡೂ ಮಹಾಯುದ್ಧಗಳಲ್ಲಿ ಅದು ಬಳಕೆಯಾಯಿತು. ನಮ್ಮೂರಿನ ಹೆಸರು ಲೋಕಕ್ಕೆ ಹೋಯಿತು ಎಂದು ಪತ್ರಿಕೆಗಳು ಆಗಾಗ ಹೆಮ್ಮೆಪಡುತ್ತವೆ. ಕ್ಯಾಪ್ಟನ್ನನ ಹೆಸರು ಉಳಿದಿದೆ, ಊರಿನ ಹೆಸರು ಉಳಿದಿದೆ. ಆ ಕೊಳವೆಯನ್ನು ಗುಂಡಿನ ಕೆಳಗೆ ತೆವಳಿಕೊಂಡು ತಂತಿಯವರೆಗೆ ನೂಕಿದವನ ಹೆಸರು?

4

ಸೈನ್ಯ ದಲಿತರಿಗೆ ಏನು ಕೊಟ್ಟಿತು ಎಂಬ ಪ್ರಶ್ನೆಗೆ ಬಾಬಾಸಾಹೇಬರಿಗಿಂತ ಚೆನ್ನಾಗಿ ಉತ್ತರ ಕೊಟ್ಟವರಿಲ್ಲ. ಅವರು ಹುಟ್ಟಿದ್ದೇ 1891ರಲ್ಲಿ ಮಹೂ ದಂಡಿನಲ್ಲಿ. ತಂದೆ ಸುಬೇದಾರ್ ರಾಮಜಿ ಸಕ್ಪಾಲ್ ಸೈನ್ಯದ ಶಾಲೆಯ ಹೆಡ್‌ಮಾಸ್ಟರ್. ಊರಿನ ಶಾಲೆ ಒಳಗೆ ಬಿಡದವರಿಗೆ ದಂಡಿನ ಶಾಲೆ ಅಕ್ಷರ ಕೊಟ್ಟಿತು. ಅಸ್ಪೃಶ್ಯರ ಸೈನ್ಯದಿಂದ ದೇಶ ಗೆದ್ದ ಬ್ರಿಟಿಷರು ಗೆದ್ದ ಮೇಲೆ ಅವರಿಗೇ ಸೈನ್ಯದ ಬಾಗಿಲು ಮುಚ್ಚಿದರು ಎಂದು ಅಂಬೇಡ್ಕರ್ ಕಟುವಾಗಿ ಬರೆದರು.

ಬಾಗಿಲಿನ ಈ ಆಟವನ್ನು ವರ್ಷಗಳ ಪ್ರಕಾರ ನೋಡಿ. 1890ರ ದಶಕದಲ್ಲಿ ಮಹಾರರ ಭರ್ತಿ ನಿಂತಿತು. ಮೊದಲ ಮಹಾಯುದ್ಧಕ್ಕೆ ಆಳು ಸಾಲದಾದಾಗ, 1917ರಲ್ಲಿ 111ನೇ ಮಹಾರ್ ಪಡೆ ಹುಟ್ಟಿತು. 1921ರಲ್ಲಿ ವಿಸರ್ಜನೆ. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ಒಂದು ಕಲ್ಲಿನ ಸ್ಮಾರಕವಿದೆ. ಶಾಪಿಂಗಿಗೆ ಬಂದವರು ಅದಕ್ಕೆ ಒರಗಿ ನಿಲ್ಲುತ್ತಾರೆ. ಅದು ಮೊದಲ ಮಹಾಯುದ್ಧದಲ್ಲಿ ಸತ್ತ ಮದ್ರಾಸ್ ಪಯೋನಿಯರ್‌ಗಳದು, ಬಂದೂಕು ಮತ್ತು ಪಿಕಾಸಿ ಎರಡನ್ನೂ ಹೊತ್ತವರದು. 1933ರಲ್ಲಿ ಆ ಪಯೋನಿಯರ್ ದಳವನ್ನೂ ಮುಚ್ಚಿದರು. ಸತ್ತವರಿಗೆ ಕಲ್ಲು ಸಿಕ್ಕಿತು, ಬದುಕಿದ್ದವರಿಗೆ ಕೆಲಸ ಹೋಯಿತು. ಮತ್ತೆ ಯುದ್ಧ ಬಂತು. 1941ರ ಅಕ್ಟೋಬರ್ 1ರಂದು ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು, ಅದರ ಹಿಂದೆ ಅಂಬೇಡ್ಕರರ ಒತ್ತಾಯವಿತ್ತು. 1943ರಲ್ಲಿ ಚಮಾರ್ ರೆಜಿಮೆಂಟ್ ಹುಟ್ಟಿ, ನಾಗಾ ಬೆಟ್ಟಗಳ ಕೊಹಿಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿತು. 1946ರಲ್ಲಿ ಅದೂ ವಿಸರ್ಜನೆ. ಮನೆಯಲ್ಲಿ ಮದುವೆ ಇದ್ದಾಗ ಹಿತ್ತಲಿಗೆ ಕರೆದು ಪಾತ್ರೆ ತೊಳೆಸಿ, ಮದುವೆ ಮುಗಿದ ಮೇಲೆ ಗುರುತೇ ಇಲ್ಲದವರ ಹಾಗೆ ಮಾಡುವ ಊರ ಗೌಡನಿಗೂ ಈ ಸಾಮ್ರಾಜ್ಯಕ್ಕೂ ಏನು ವ್ಯತ್ಯಾಸ?

ಆದ್ದರಿಂದ ನಾವು ಈ ಯುದ್ಧಗಳನ್ನು ಹಾಡಿ ಹೊಗಳಲಾಗದು. ಅದು ನಮ್ಮ ಯುದ್ಧವೇ ಆಗಿರಲಿಲ್ಲ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಹಾಗೆಂದು, "ಹೊಟ್ಟೆಪಾಡಿಗೆ ಬ್ರಿಟಿಷರ ಕೂಲಿ ಮಾಡಿದವರು" ಎಂದು ತಳ್ಳಿಹಾಕುವ ರಾಷ್ಟ್ರೀಯವಾದಿ ಮಾತನ್ನೂ ಒಪ್ಪಲಾಗದು. ಊರಿನ ಬಾವಿ ಮುಟ್ಟಲು ಬಿಡದೆ ಅವನನ್ನು ದಂಡಿಗೆ ಅಟ್ಟಿದವರೇ ಅವನ ದೇಶಭಕ್ತಿಯ ಲೆಕ್ಕ ಕೇಳುವುದು ಯಾವ ನ್ಯಾಯ?

ಕೊನೆಯದಾಗಿ ನಮ್ಮ ಚಳವಳಿಗೆ ಹೇಳಬೇಕಾದ ಮಾತು. ಇದನ್ನು ನನಗೂ ಸೇರಿಸಿಯೇ ಹೇಳುತ್ತಿದ್ದೇನೆ. 1818ರ ಕೋರೆಗಾಂವ್ ಸ್ತಂಭದ ಮುಂದೆ ನಿಂತಾಗ ನಮ್ಮ ಎದೆ ಉಬ್ಬುತ್ತದೆ, ಉಬ್ಬಲಿ. 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋದದ್ದು ಹೇಡಿಗಳೆಂದು ಕರೆಸಿಕೊಂಡ ಜನಕ್ಕೆ ಬೆನ್ನೆಲುಬು ಕೊಡಲು. ಆದರೆ "ನಾವೂ ಕ್ಷತ್ರಿಯರೇ, ನಾವೂ ವೀರರೇ" ಎಂಬಲ್ಲಿಗೆ ಆ ಮಾತು ಬಂದು ನಿಂತರೆ ಅಳೆಯುವ ಕೋಲು ಅವರದೇ ಆಗಿ ಉಳಿಯುತ್ತದೆ. ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದೇ ಬೇಗೂರಿನ, ಒಂಬತ್ತನೇ ಶತಮಾನದ ಕೊನೆಯ ವೀರಗಲ್ಲೊಂದರಲ್ಲಿ, ಒಂದು ಕಾಳಗದ ಸುದ್ದಿಯಾಗಿ. ಕಾದಾಡಿ ಸತ್ತವನಿಗೆ ಕಲ್ಲು ನಿಲ್ಲಿಸುವುದು ನಮಗೆ ಗೊತ್ತು. ಕೆರೆ ತೋಡುವಾಗ, ಬಂಡೆ ಒಡೆಯುವಾಗ, ಮಲದ ಗುಂಡಿಗೆ ಇಳಿದಾಗ ಸತ್ತವನಿಗೆ ಕಲ್ಲು ನಿಲ್ಲಿಸುವುದನ್ನು ಇನ್ನೂ ಕಲಿಯಬೇಕಾಗಿದೆ. ದಲಿತ ವಿಮರ್ಶೆ ಅನ್ನುವುದು ಹೊಸ ವೀರರ ಪಟ್ಟಿ ಮಾಡುವುದಕ್ಕಿಂತ ಮೊದಲು ಕೆಲಸದ ಮೇಲಿನ ಈ ಅವಮಾನವನ್ನು ತೆಗೆಯಬೇಕು. ಕಸಿನೋದ ಸ್ಯಾಪರ್ ದೊಡ್ಡವನಾಗುವುದು ಅವನೂ ಗುಂಡು ಹಾರಿಸಿದ ಎಂದು ಸಾಬೀತಾದಾಗ ಅಲ್ಲ. ಅವನು ಸಾವಿನ ಬಾಯಲ್ಲಿ ನಿಂತು ಇನ್ನೊಬ್ಬರು ನಡೆಯಲು ದಾರಿ ಮಾಡಿದ. ಅದು ಸಾಕು.

ಇಟಲಿಗೆ ಹೋದ ಭಾರತೀಯ ಸೈನಿಕರು ಸುಮಾರು 50,000. ಅಲ್ಲೇ ಸತ್ತವರು 5,700ಕ್ಕೂ ಹೆಚ್ಚು. ಉಳಿದು ಬಂದವರ ಮೊಮ್ಮಕ್ಕಳು ಹಲಸೂರಿನ ಗೌತಮಪುರದಲ್ಲಿ, ಜೋಗುಪಾಳ್ಯದಲ್ಲಿ, ಮರ್ಫಿ ಟೌನಿನಲ್ಲಿ, ಶಿವಾಜಿನಗರದ ಗಲ್ಲಿಗಳಲ್ಲಿ ಇರಬಹುದು. ಪಕ್ಕದ ಇಂದಿರಾನಗರದಲ್ಲಿ ಅಧಿಕಾರಿಗಳಿಗೆ ಡಿಫೆನ್ಸ್ ಕಾಲೊನಿ ಇದೆ. ತಂಬಿಗಳ ಮನೆಗಳಲ್ಲಿ ಇರುವುದು ತಗಡಿನ ಟ್ರಂಕು. ಅದರೊಳಗೆ ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ, ಬಣ್ಣ ಹೋದ ರಿಬ್ಬನ್ನಿನ ಪದಕ. ಮನೆ ಬದಲಿಸುವಾಗ ಇವು ಗುಜರಿಗೆ ಹೋಗುತ್ತವೆ. ಸಂಘಟನೆಯ ಗೆಳೆಯರು, ವಿದ್ಯಾರ್ಥಿಗಳು ಒಂದೊಂದು ಬೀದಿ ಹಂಚಿಕೊಂಡು ಹೋಗಿ, ಮನೆಯವರ ಒಪ್ಪಿಗೆ ಪಡೆದು ಇವನ್ನು ನಕಲು ಮಾಡಿಟ್ಟರೆ, ಹಿರಿಯರು ಹೇಳಿದ್ದನ್ನು ಅವರ ಭಾಷೆಯಲ್ಲೇ ಬರೆದಿಟ್ಟರೆ, ಅದು ಯಾವ ವಿಶ್ವವಿದ್ಯಾಲಯವೂ ಮಾಡಿಕೊಡದ ಚರಿತ್ರೆಯಾಗುತ್ತದೆ.

ಆ ಹುಡುಗನನ್ನು ಮುಂದಿನ ವಾರ ಕರೆದು, "ನಿಮ್ಮಪ್ಪನ ತಾತ ಯಾವ ಕಂಪನಿ, ಮನೇಲಿ ಕೇಳ್ಕೊಂಡ್ ಬಾ" ಅಂದೆ. "ಯಾಕ್ ಸರ್?" ಅಂದ.

"ರೋಡ್ ಹಾಕಿದ್ರು ಅಂದ್ಯಲ್ಲ, ಯಾವ ರೋಡು ಅಂತ ನೋಡೋಣ" ಅಂದೆ.